ಅಚ್ಚು ಮಾಡುವವನ ಲೆಕ್ಕ

ಮದುವೆ ಕಾಗದ ಅಚ್ಚು ಹಾಕಿಸದ ಮನೆ ನಮ್ಮಲ್ಲಿ ಕಡಿಮೆ. ದರ ಕೇಳಲು ಹೋದಾಗ ಪ್ರೆಸ್ಸಿನವರು ಹೇಳುವ ಒಂದು ಮಾತು ನಿಮಗೂ ನೆನಪಿರಬಹುದು. ಇನ್ನೂರು ಕಾಗದವಾದರೂ ಪ್ಲೇಟಿನ ಖರ್ಚು ಅಷ್ಟೇ, ಎರಡು ಸಾವಿರವಾದರೂ ಅಷ್ಟೇ. ಕಡಿಮೆ ಹಾಕಿಸಿದರೆ ಒಂದೊಂದು ಕಾಗದಕ್ಕೆ ಹೆಚ್ಚು ಬೀಳುತ್ತದೆ. ಹಾಗಾಗಿಯೇ ಬೇಕಾದುದಕ್ಕಿಂತ ನೂರು ಹೆಚ್ಚು ಹಾಕಿಸಿ, ಕೊನೆಗೆ ಉಳಿದ ಕಾಗದದ ಹಿಂಬದಿಯಲ್ಲಿ ಮಕ್ಕಳು ಲೆಕ್ಕ ಮಾಡುವುದನ್ನು ನೋಡುತ್ತೇವೆ.

ಹಿಂದಿನ ಕಾಲದಲ್ಲಿ ಬ್ಲಾಕ್ ಮಾಡುವವರು ಬೇರೆ, ಅಚ್ಚು ಹಾಕುವವರು ಬೇರೆ. ಪ್ರೆಸ್ಸಿನವರು ಚಿತ್ರ ಕಳುಹಿಸಿದರೆ ಬ್ಲಾಕಿನವರು ಸತುವಿನ ಹಾಳೆಯಲ್ಲಿ ಕೊರೆದು ಕೊಡುತ್ತಿದ್ದರು. ಈ ಬ್ಲಾಕಿನವರ ಸಂಪಾದನೆ ಎಷ್ಟು ಕಾಗದ ಅಚ್ಚಾಯಿತು ಎಂಬುದರ ಮೇಲೆ ನಿಂತಿರಲಿಲ್ಲ. ಎಷ್ಟು ಬಗೆಯ ಕಾಗದ ಅಚ್ಚಾಯಿತು ಎಂಬುದರ ಮೇಲೆ ನಿಂತಿತ್ತು. ಒಬ್ಬ ಸಾಹುಕಾರರು ಮಗಳ ನಿಕಾಹಿಗೆ ಇಪ್ಪತ್ತು ಸಾವಿರ ಕಾಗದ ಹಾಕಿಸಿದರೆ ಪ್ರೆಸ್ಸಿನವರಿಗೆ ಹಬ್ಬ, ಬ್ಲಾಕಿನವರಿಗೆ ಒಂದೇ ಬ್ಲಾಕು. ನೂರು ಬಡ ಮನೆಗಳವರು ಇನ್ನೂರಿನ್ನೂರು ಹಾಕಿಸಿದರೆ ಪ್ರೆಸ್ಸಿನವರಿಗೆ ಅದೇ ಇಪ್ಪತ್ತು ಸಾವಿರ, ಬ್ಲಾಕಿನವರಿಗೆ ಮಾತ್ರ ನೂರು ಬ್ಲಾಕು!

ಸಹೋದರಿಯರೇ, ಈ ಅಂಕಣದಲ್ಲಿ ಸಾಮಾನ್ಯವಾಗಿ ನಾವು ಅಕ್ಕಿ, ಚಿನ್ನ, ಶಾಲೆಯ ಫೀಸು ಇವುಗಳ ಲೆಕ್ಕ ಮಾತಾಡುತ್ತೇವೆ. ಈ ಸಲ ಸ್ವಲ್ಪ ದೂರದ ಲೆಕ್ಕ. ಚಿಪ್ ಉದ್ಯಮಕ್ಕೆ ಹಿನ್ನಡೆ, ಮಾರಾಟ ಕುಸಿತ ಎಂಬ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಎಲೆಕ್ಟ್ರಾನಿಕ್ಸ್ ಓದಿದ ಮಕ್ಕಳಿರುವ ಮನೆಗಳಲ್ಲಿ ಅಂತಹ ದಿನ ತಾಯಂದಿರ ಮುಖ ಬಾಡುತ್ತದೆ. ಮಗನೋ ಮಗಳೋ ಅಳಿಯನೋ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕಂಪೆನಿಯಲ್ಲಿದ್ದಾರೆ. ಕೆಲಸ ಹೋದೀತೇ ಎಂಬ ಭಯ. ಸುದ್ದಿಯ ಶೀರ್ಷಿಕೆ ಓದಿ ಭಯಪಡುವ ಮೊದಲು ಒಳಗಿನ ಲೆಕ್ಕ ತಿಳಿದಿರುವುದು ಒಳ್ಳೆಯದು. ಅದನ್ನು ತಿಳಿಯಲು ಚಿಪ್ ಲೋಕದ ಬ್ಲಾಕಿನವರ ಕತೆಗಿಂತ ಸುಲಭದ ದಾರಿ ನನಗೆ ಕಾಣಲಿಲ್ಲ. ಅಲ್ಲಿ ಬ್ಲಾಕಿಗೆ ಫೋಟೋಮಾಸ್ಕ್ ಎಂದು ಹೆಸರು.

ಹಬ್ಬದ ಹಿಂದಿನ ದಿನ ಹುಡುಗಿಯರು ಕೈಗೆ ಮದರಂಗಿ ಹಚ್ಚಲು ಪ್ಲಾಸ್ಟಿಕಿನ ಅಚ್ಚು ತರುತ್ತಾರಲ್ಲ, ತೂತಿರುವಲ್ಲಿ ಬಣ್ಣ ಹಿಡಿಯುತ್ತದೆ, ಮುಚ್ಚಿರುವಲ್ಲಿ ಹಿಡಿಯುವುದಿಲ್ಲ. ಫೋಟೋಮಾಸ್ಕ್ ಕೂಡ ಅಂತಹದ್ದೇ ಒಂದು ಅಚ್ಚು. ಮದರಂಗಿಯ ಬದಲು ಬೆಳಕು, ಅಂಗೈಯ ಬದಲು ಸಿಲಿಕಾನಿನ ತೆಳು ಬಿಲ್ಲೆ. ಹದಿನೈದು ಸೆಂಟಿಮೀಟರಿಗಿಂತ ತುಸು ದೊಡ್ಡದಾದ ಚೌಕಾಕಾರದ ಸ್ಫಟಿಕದ ಗಾಜು, ದಪ್ಪ ಆರು ಮಿಲಿಮೀಟರಿಗೆ ಸ್ವಲ್ಪ ಮೇಲೆ. ಅದರ ಮೇಲೆ ಕ್ರೋಮಿಯಂ ಲೋಹದ ಅತಿ ತೆಳು ಲೇಪ. ಆ ಲೇಪದಲ್ಲಿ ಇಲೆಕ್ಟ್ರಾನ್ ಕಿರಣದಿಂದ ಚಿತ್ರ ಬರೆಯುತ್ತಾರೆ. ಬೆಳಕು ಆ ಚಿತ್ರವನ್ನು ದಾಟಿ, ಮಸೂರಗಳಲ್ಲಿ ನಾಲ್ಕು ಪಟ್ಟು ಕಿರಿದಾಗಿ, ಬಿಲ್ಲೆಯ ಮೇಲೆ ಬೀಳುತ್ತದೆ. ಬಿಲ್ಲೆಗೆ ಮೊದಲೇ ಸವರಿದ ರಾಸಾಯನಿಕ ಬೆಳಕು ಬಿದ್ದಲ್ಲಿ ಬದಲಾಗುತ್ತದೆ.

ನಾಲ್ಕು ಬಣ್ಣದ ಕಾಗದಕ್ಕೆ ನಾಲ್ಕು ಪ್ಲೇಟು ಬೇಕಲ್ಲವೇ? ಚಿಪ್ ಕೂಡ ಪದರ ಪದರವಾಗಿ ಏಳುವ ಕಟ್ಟಡ. ಒಂದೊಂದು ಪದರಕ್ಕೆ ಒಂದೊಂದು ಮಾಸ್ಕ್, ಒಂದು ಚಿಪ್ಪಿಗೆ ಹತ್ತಾರು ಮಾಸ್ಕುಗಳು. ಮಾಸ್ಕಿನಲ್ಲಿ ಒಂದು ಚಿಕ್ಕ ದೋಷ ಉಳಿದರೆ ಅದು ಅಚ್ಚಾಗುವ ಪ್ರತಿಯೊಂದು ಚಿಪ್ಪಿನಲ್ಲೂ ಮೂಡುತ್ತದೆ. ಆದ್ದರಿಂದ ಬರೆಯುವುದಕ್ಕೆ ಎಷ್ಟು ಶ್ರಮವೋ ಪರೀಕ್ಷಿಸಿ ತಿದ್ದುವುದಕ್ಕೂ ಅಷ್ಟೇ ಶ್ರಮ. 2000ದ ದಶಕದ ಆರಂಭದಲ್ಲಿ 90 ನ್ಯಾನೋಮೀಟರ್ ತಲೆಮಾರಿನ ಚಿಪ್ ಬಂದಾಗ ಒಂದು ಚಿಪ್ಪಿನ ಮಾಸ್ಕುಗಳ ಪೂರ್ತಿ ಕಟ್ಟಿನ ಬೆಲೆ ಸುಮಾರು ಹತ್ತು ಲಕ್ಷ ಡಾಲರ್ ಮುಟ್ಟಿತ್ತು. ಒಂದು ಚಿಪ್ ಕೂಡ ಮಾರಾಟವಾಗುವ ಮೊದಲೇ ಕೊಡಬೇಕಾದ ಹಣ ಇದು.

ಇನ್ನೊಂದು ಸಂಗತಿ ಹೇಳಿದರೆ ನಿಮಗೆ ಆಶ್ಚರ್ಯವಾದೀತು. ಮದುವೆ ಕಾಗದದ ಹೋಲಿಕೆ ನಾನು ಸುಮ್ಮನೆ ಕೊಟ್ಟದ್ದಲ್ಲ. ಜಗತ್ತಿನ ದೊಡ್ಡ ಮಾಸ್ಕ್ ತಯಾರಕರಲ್ಲಿ ಎರಡು ಜಪಾನಿನ ಹಳೆಯ ಮುದ್ರಣಾಲಯಗಳು. ದಾಯ್ ನಿಪ್ಪಾನ್ ಪ್ರಿಂಟಿಂಗಿನ ಮೂಲ 1876ರದ್ದು, ಟೊಪ್ಪಾನ್ ಪ್ರಿಂಟಿಂಗಿನದ್ದು 1900. ಟೊಪ್ಪಾನ್ ಎಂಬ ಪದದ ಅರ್ಥವೇ ಉಬ್ಬಚ್ಚು. ಪುಸ್ತಕ ಅಚ್ಚು ಹಾಕಲು ಪ್ಲೇಟು ಮಾಡಿ ಪಳಗಿದ ಕೈಗಳೇ ಮುಂದೆ ಚಿಪ್ಪಿನ ಅಚ್ಚಿಗೂ ಬಂದವು. ಮೂರನೆಯ ಪ್ರಮುಖ ಹೆಸರು ಅಮೇರಿಕದ ಫೋಟ್ರಾನಿಕ್ಸ್, 1969ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಆರಂಭವಾದದ್ದು. ಇವರೆಲ್ಲ ಹೊರಗಿನವರಿಗೆ ಮಾಸ್ಕ್ ಮಾಡಿ ಮಾರುವವರು. ಇಂಟೆಲ್, ಸ್ಯಾಮ್‌ಸಂಗ್, ತೈವಾನಿನ ಟಿಎಸ್ಎಂಸಿಯಂತಹ ದೊಡ್ಡ ಚಿಪ್ ತಯಾರಕರಿಗೆ ಸ್ವಂತ ಮಾಸ್ಕ್ ಘಟಕಗಳೂ ಇವೆ. ದೊಡ್ಡ ಮನೆಯವರು ಸ್ವಂತ ದರ್ಜಿಯನ್ನು ಇಟ್ಟುಕೊಂಡ ಹಾಗೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಹಿನ್ನಡೆಯ ಮಾತಿಗೆ ಬರೋಣ. ಚಿಪ್ ಉದ್ಯಮದ ಸ್ವಭಾವವೇ ಏರಿಳಿತ. ಒಂದು ಕಾರ್ಖಾನೆ ಕಟ್ಟಲು ನೂರಾರು ಕೋಟಿ ಡಾಲರ್ ಸುರಿಯಬೇಕು, ಕಟ್ಟಿ ಮುಗಿಯಲು ವರ್ಷಗಳು ಬೇಕು. ಬೇಡಿಕೆ ಇದ್ದಾಗ ಎಲ್ಲರೂ ಒಟ್ಟಿಗೆ ಕಟ್ಟಲು ಹೊರಡುತ್ತಾರೆ. ಎಲ್ಲರ ಕಾರ್ಖಾನೆಯೂ ಒಟ್ಟಿಗೆ ಸಿದ್ಧವಾಗುವಾಗ ಬೇಡಿಕೆ ಇಳಿದಿರುತ್ತದೆ. ಒಂದು ವರ್ಷ ಟೊಮ್ಯಾಟೊ ಬೆಲೆ ಏರಿದರೆ ಮರುವರ್ಷ ಊರಿಡೀ ಟೊಮ್ಯಾಟೊ ಹಾಕಿ ರಸ್ತೆಗೆ ಸುರಿಯುವುದನ್ನು ನಾವು ಕೋಲಾರದಲ್ಲಿ ನೋಡಿಲ್ಲವೇ? 2000ದಲ್ಲಿ ಜಗತ್ತಿನ ಚಿಪ್ ಮಾರಾಟ 20,440 ಕೋಟಿ ಡಾಲರ್. 2001ರಲ್ಲಿ ಅದು 13,890 ಕೋಟಿಗೆ ಇಳಿಯಿತು. ಒಂದೇ ವರ್ಷದಲ್ಲಿ ಮೂರರಲ್ಲಿ ಒಂದು ಪಾಲು ಮಾಯ!

ಟೊಮ್ಯಾಟೊ ಬೆಳೆದವರು ಮರುವರ್ಷ ಬೇರೆ ಬೆಳೆ ಹಾಕಬಹುದು. ಚಿಪ್ ಕಾರ್ಖಾನೆ ಬೇರೆ ಏನನ್ನೂ ಬೆಳೆಯುವುದಿಲ್ಲ. ಅಲ್ಲಿನ ಖರ್ಚಿನಲ್ಲಿ ಬಹುಪಾಲು ಮೊದಲೇ ಕೊಟ್ಟು ತಂದ ಯಂತ್ರಗಳದ್ದು. ವರ್ಷ ವರ್ಷ ಅವುಗಳ ಸವಕಳಿಯನ್ನು ಲೆಕ್ಕಕ್ಕೆ ಹಾಕಲೇಬೇಕು. ಸಾಲ ಮಾಡಿ ಆಟೋ ತೆಗೆದವರ ಸ್ಥಿತಿ ನೋಡಿ. ಬಾಡಿಗೆ ಸಿಗಲಿ, ಸಿಗದಿರಲಿ, ತಿಂಗಳ ಕಂತು ಬಾಗಿಲಿಗೆ ಬಂದು ನಿಲ್ಲುತ್ತದೆ. ಬಡ್ಡಿಗೆ ಮಳೆಗಾಲವೂ ಗೊತ್ತಿಲ್ಲ, ಬೇಸಗೆಯೂ ಗೊತ್ತಿಲ್ಲ. ಆದ್ದರಿಂದ ಯಂತ್ರ ಹಗಲಿರುಳು ಓಡಿದರೆ ಲಾಭ, ಅರ್ಧ ಹೊತ್ತು ನಿಂತರೆ ನಷ್ಟ. ಮಾರಾಟ ಹತ್ತು ಪಾಲು ಇಳಿದರೆ ಲಾಭ ಹತ್ತು ಪಾಲು ಮಾತ್ರ ಇಳಿಯುವುದಿಲ್ಲ, ಪೂರ್ತಿ ಕರಗಿಹೋದೀತು.

ಹಾಗಾದರೆ ಬ್ಲಾಕಿನವರ ಗತಿ? ಪುಸ್ತಕದ ಲೆಕ್ಕದಲ್ಲಿ ಅವರು ಕ್ಷೇಮವಾಗಿರಬೇಕು. ಚಿಪ್ ಕಡಿಮೆ ಮಾರಾಟವಾದರೂ ಕಂಪೆನಿಗಳು ಮುಂದಿನ ಮಾದರಿಯನ್ನು ವಿನ್ಯಾಸ ಮಾಡುವುದನ್ನು ಬಿಡುವಂತಿಲ್ಲ. ಬಿಟ್ಟರೆ ಒಳ್ಳೆಯ ಕಾಲ ಬಂದಾಗ ಅಂಗಡಿಯಲ್ಲಿ ಇಡಲು ಹೊಸ ಸರಕೇ ಇರುವುದಿಲ್ಲ. ಹೊಸ ವಿನ್ಯಾಸವೆಂದರೆ ಹೊಸ ಮಾಸ್ಕ್. ಆದ್ದರಿಂದ ಮಾಸ್ಕ್ ವ್ಯಾಪಾರ ಚಿಪ್ ಮಾರಾಟದ ಹಿಂದೆ ಓಡುವುದಿಲ್ಲ, ವಿನ್ಯಾಸಗಳ ಸಂಖ್ಯೆಯ ಹಿಂದೆ ಓಡುತ್ತದೆ. ಈ ಮಾತನ್ನು ಆ ಉದ್ಯಮದವರೇ ಹೇಳುತ್ತಾ ಬಂದಿದ್ದಾರೆ, ಬಹುಮಟ್ಟಿಗೆ ನಿಜವೂ ಹೌದು. ಆದರೆ 2008-09ರಲ್ಲಿ ಅದು ಕೈಕೊಟ್ಟಿತು.

ಆ ವರ್ಷ ಅಮೇರಿಕದ ಬ್ಯಾಂಕುಗಳು ಕುಸಿದದ್ದು ನಿಮಗೆ ನೆನಪಿರಬಹುದು. ಕೊಲ್ಲಿಯಿಂದ ಎಷ್ಟೋ ಮಂದಿ ಕೆಲಸ ಕಳೆದುಕೊಂಡು ಊರಿಗೆ ಮರಳಿದ ಕಾಲ. ಚಿಪ್ ಮಾರಾಟ 2008ರ 24,860 ಕೋಟಿ ಡಾಲರಿನಿಂದ 2009ರಲ್ಲಿ 22,630 ಕೋಟಿಗೆ, ಅಂದರೆ ನೂರಕ್ಕೆ ಒಂಬತ್ತರಷ್ಟು ಇಳಿಯಿತು. ಫೋಟ್ರಾನಿಕ್ಸಿನ ಲೆಕ್ಕದ ವರ್ಷ ಅಕ್ಟೋಬರಿಗೆ ಮುಗಿಯುತ್ತದೆ. ಅದರ ಮಾರಾಟ 2008ರಲ್ಲಿ 42.2 ಕೋಟಿ ಡಾಲರ್ ಇದ್ದದ್ದು 2009ರಲ್ಲಿ 36.1 ಕೋಟಿಗೆ ಬಂತು. ನೂರಕ್ಕೆ ಹದಿನಾಲ್ಕಕ್ಕೂ ಹೆಚ್ಚು ಇಳಿತ. ಅಚ್ಚು ಹಾಕುವವರಿಗಿಂತ ಅಚ್ಚು ಮಾಡುವವರಿಗೇ ಹೆಚ್ಚು ಪೆಟ್ಟು!

ಏಕೆ ಹೀಗಾಯಿತು? ಆಗಿನ ಬರ ಸರಕಿನದ್ದಲ್ಲ, ಹಣದ್ದು. ಬ್ಯಾಂಕು ಸಾಲ ಕೊಡುವುದನ್ನು ನಿಲ್ಲಿಸಿದಾಗ ಕಂಪೆನಿಗಳು ಮೊದಲು ಮುಂದೂಡುವುದು ನಾಳೆಯ ಖರ್ಚನ್ನು. ಹೊಸ ವಿನ್ಯಾಸ ನಾಳೆಯ ಖರ್ಚು. ಮನೆಯಲ್ಲಿ ಕೈ ಬಿಗಿಯಾದಾಗ ಅಕ್ಕಿ ತರುವುದನ್ನು ಬಿಡುವುದಿಲ್ಲ, ಮನೆಗೆ ಬಣ್ಣ ಬಳಿಸುವುದನ್ನು ಮುಂದಿನ ವರ್ಷಕ್ಕೆ ಹಾಕುತ್ತೇವೆ. ಮೆಮೊರಿ ಚಿಪ್ ಮಾಡುವವರಂತೂ ಮುಳುಗಿದ್ದರು. ಜರ್ಮನಿಯ ಕಿಮೋಂಡಾ 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು, ಅಮೇರಿಕದ ಸ್ಪಾನ್ಶನ್ ಅದೇ ಮಾರ್ಚಿನಲ್ಲಿ. ಆಮೇಲೆ ಆ ಸ್ವಂತ ದರ್ಜಿಯ ಮಾತು. ಸ್ವಂತ ಮಾಸ್ಕ್ ಘಟಕ ಇರುವ ದೊಡ್ಡವರು ಒಳ್ಳೆಯ ಕಾಲದಲ್ಲಿ ಹೆಚ್ಚಾದ ಕೆಲಸವನ್ನು ಹೊರಗೆ ಕೊಡುತ್ತಾರೆ. ಕೆಟ್ಟ ಕಾಲದಲ್ಲಿ ತಮ್ಮ ದರ್ಜಿಯೇ ಸುಮ್ಮನೆ ಕುಳಿತಿರುವಾಗ ಹೊರಗೆ ಕೊಡುವವರು ಯಾರು? ಉಳಿದ ಅಷ್ಟಿಷ್ಟು ಕೆಲಸಕ್ಕೆ ಎಲ್ಲ ಮಾಸ್ಕ್ ಮಾರಾಟಗಾರರು ದರ ಇಳಿಸಿ ಕಾಯುತ್ತಾರೆ.

ಈ ವ್ಯಾಪಾರದಲ್ಲಿ ಇನ್ನೊಂದು ಕಷ್ಟ ಇದೆ. ಮಾಸ್ಕಿನ ಆರ್ಡರು ಬಂದರೆ ಒಂದೆರಡು ವಾರದೊಳಗೆ ಮಾಡಿ ಕೊಡಬೇಕು. ಹಾಗಾಗಿ ಮುಂದಿನ ಆರು ತಿಂಗಳ ಆರ್ಡರು ಕೈಯಲ್ಲಿ ಇರುವುದೇ ಇಲ್ಲ. ಯಂತ್ರ ತೆಗೆದದ್ದು ಹತ್ತು ವರ್ಷದ ಲೆಕ್ಕದಲ್ಲಿ, ದಾರಿ ಕಾಣುವುದು ಎರಡು ವಾರದಷ್ಟು ಮಾತ್ರ. ದಿನಗೂಲಿಯವರ ಬದುಕಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ನನಗೆ ಅನ್ನಿಸುವುದುಂಟು. ಫೋಟ್ರಾನಿಕ್ಸ್ 2008ರಲ್ಲಿ 20 ಕೋಟಿ ಡಾಲರಿಗೂ ಮೀರಿದ ನಷ್ಟ ತೋರಿಸಿತು. ಅದರಲ್ಲಿ ಬಹುಭಾಗ ಹಿಂದೆ ಹೆಚ್ಚು ಬೆಲೆಗೆ ಕೊಂಡದ್ದರ ಮೌಲ್ಯವನ್ನು ಪುಸ್ತಕದಲ್ಲಿ ತಗ್ಗಿಸಿದ್ದು. ಅದರ ಷೇರು ಒಂದು ಡಾಲರಿಗಿಂತ ಕೆಳಗೆ ಬಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಘಟಕ ಮುಚ್ಚಿತು, ಚೀನಾದ ಶಾಂಘೈಯ ಘಟಕವೂ ಮುಚ್ಚಿತು. ಬ್ಯಾಂಕುಗಳೊಂದಿಗೆ ಸಾಲದ ಷರತ್ತುಗಳನ್ನು ಮತ್ತೆ ಮಾತಾಡಿಕೊಂಡು, 2009ರಲ್ಲಿ ಹೊಸ ಷೇರು ಮಾರಿ ಹಣ ಎತ್ತಿ ಅದು ಉಳಿದುಕೊಂಡಿತು. 2010ರಲ್ಲಿ ಮಾರಾಟ ಮತ್ತೆ ಹಳೆಯ ಮಟ್ಟಕ್ಕೆ ಬಂತು.

ಎಲ್ಲರೂ ಹಾಗೆ ಉಳಿಯಲಿಲ್ಲ. ಟೆಕ್ಸಾಸಿನ ಡ್ಯುಪಾಂಟ್ ಫೋಟೋಮಾಸ್ಕ್ಸ್ ಎಂಬ ದೊಡ್ಡ ಕಂಪೆನಿ 2001ರ ಹೊಡೆತದ ನಂತರ ಮತ್ತೆ ಮೊದಲಿನಂತಾಗಲಿಲ್ಲ. 2005ರಲ್ಲಿ ಸುಮಾರು 65 ಕೋಟಿ ಡಾಲರಿಗೆ ಟೊಪ್ಪಾನ್ ಅದನ್ನು ಕೊಂಡುಕೊಂಡಿತು. ಪ್ರತಿಸ್ಪರ್ಧಿಗಳೇ ಕೂಡಿಕೊಂಡದ್ದೂ ಉಂಟು. ಫೋಟ್ರಾನಿಕ್ಸ್ ಮತ್ತು ದಾಯ್ ನಿಪ್ಪಾನ್ 2014ರಲ್ಲಿ ತೈವಾನಿನಲ್ಲಿ, ಆಮೇಲೆ ಚೀನಾದಲ್ಲಿ ಪಾಲುದಾರರಾದವು. ಒಬ್ಬೊಬ್ಬರೇ ಯಂತ್ರ ಕೊಂಡು ಇಬ್ಬರೂ ಖಾಲಿ ಕೂರುವುದಕ್ಕಿಂತ ಸೇರಿ ಕೊಂಡು ಲಾಭ ನಷ್ಟ ಎರಡನ್ನೂ ಹಂಚಿಕೊಳ್ಳುವುದು ಲೇಸೆಂದು ಕಂಡಿರಬೇಕು. ಸಾಲಕ್ಕಿಂತ ಪಾಲು ಉತ್ತಮ ಎಂಬುದು ನಮ್ಮ ಹಿರಿಯ ವ್ಯಾಪಾರಿಗಳಿಗೂ ಗೊತ್ತಿದ್ದ ವಿಷಯ.

ಈಗ ಇದರ ತಿರುವುಮುರುವು ನೋಡಿ. 2023ರಲ್ಲಿ ಚಿಪ್ ಮಾರಾಟ ಮತ್ತೆ ಇಳಿಯಿತು. 57,410 ಕೋಟಿ ಡಾಲರಿನಿಂದ 52,680 ಕೋಟಿಗೆ. ಕೊರೋನಾ ಕಾಲದಲ್ಲಿ ಚಿಪ್ ಸಿಗದೆ ಎಲ್ಲರೂ ಹೆಚ್ಚುಹೆಚ್ಚು ತರಿಸಿ ಗೋದಾಮು ತುಂಬಿಸಿಕೊಂಡಿದ್ದರು. ಅದು ಖಾಲಿಯಾಗುವವರೆಗೆ ಹೊಸದು ಬೇಡವೆಂದರು. ಆದರೆ ಅದೇ ವರ್ಷ ಫೋಟ್ರಾನಿಕ್ಸಿನ ಮಾರಾಟ 82.4 ಕೋಟಿಯಿಂದ 89.2 ಕೋಟಿ ಡಾಲರಿಗೆ ಏರಿತು! ಹಣದ ಬರ ಇರಲಿಲ್ಲವಾದ್ದರಿಂದ ವಿನ್ಯಾಸ ನಿಲ್ಲಲಿಲ್ಲ. ಚೀನಾದಲ್ಲಿ ಹೊಸ ಹೊಸ ವಿನ್ಯಾಸ ಕಂಪೆನಿಗಳು ಎದ್ದಿದ್ದವು. ಕಾರಿಗೆ, ಕಾರ್ಖಾನೆಗೆ, ಮನೆಬಳಕೆಯ ಸಾಧನಗಳಿಗೆ ಬೇಕಾದ ಬಗೆಬಗೆಯ ಸಣ್ಣ ಚಿಪ್ಪುಗಳ ಕೆಲಸ ನಡೆಯುತ್ತಲೇ ಇತ್ತು. ನೂರು ಮನೆಗಳ ನೂರು ಮದುವೆ ಕಾಗದ.

ಮರುವರ್ಷ 2024ರಲ್ಲಿ ಚಿಪ್ ಮಾರಾಟ 62,760 ಕೋಟಿ ಡಾಲರಿಗೆ ಹಾರಿತು. ಪತ್ರಿಕೆಗಳಲ್ಲೆಲ್ಲ ಕೃತಕ ಬುದ್ಧಿಮತ್ತೆಯ ಸಂಭ್ರಮ. ಅದೇ ವರ್ಷ ಫೋಟ್ರಾನಿಕ್ಸಿನ ಮಾರಾಟ 86.7 ಕೋಟಿಗೆ ಇಳಿಯಿತು. ಆ ಸಂಭ್ರಮದ ಹಣ ಬಹುಮಟ್ಟಿಗೆ ಕೆಲವೇ ಕೆಲವು ವಿನ್ಯಾಸಗಳ, ಅತಿ ದುಬಾರಿ ಚಿಪ್ಪುಗಳದ್ದು. ಅವು ಅಚ್ಚಾಗುವುದು ಟಿಎಸ್ಎಂಸಿಯಲ್ಲಿ, ಅತ್ಯಾಧುನಿಕ ಚಿಪ್ಪಿನ ಮಾಸ್ಕುಗಳನ್ನು ಅದು ತನ್ನ ಮನೆಯೊಳಗೇ ಮಾಡಿಕೊಳ್ಳುತ್ತದೆ. ಸಾಹುಕಾರರ ಇಪ್ಪತ್ತು ಸಾವಿರ ಕಾಗದ, ಅದೂ ಸ್ವಂತ ಬ್ಲಾಕಿನವರಿಂದ. ಹೊರಗಿನ ಬ್ಲಾಕಿನವರು ಮೆರವಣಿಗೆಯನ್ನು ಬೀದಿಯಲ್ಲಿ ನಿಂತು ನೋಡಬೇಕಾಯಿತು.

ಲೆಕ್ಕದ ನಡುವೆ ಮನುಷ್ಯರು ಮರೆಯಬಾರದು. ಮಾಸ್ಕ್ ಕಂಪೆನಿಗಳಲ್ಲಿ ಕೆಲಸಗಾರರು ಕಡಿಮೆ. ಚಿಪ್ ಅಚ್ಚಾಗುವ, ಕತ್ತರಿಸಿ ಜೋಡಿಸುವ ಕಡೆ ಹೆಚ್ಚು. ಮಲೇಷ್ಯಾದ ಪಿನಾಂಗಿನಲ್ಲಿ 1972ರಲ್ಲಿ ಬಯಾನ್ ಲೆಪಾಸ್ ಎಂಬ ಮುಕ್ತ ವ್ಯಾಪಾರ ವಲಯ ಆರಂಭವಾಯಿತು. ಇಂಟೆಲ್ ಅಮೇರಿಕದ ಹೊರಗೆ ತನ್ನ ಮೊದಲ ಜೋಡಣಾ ಘಟಕ ತೆರೆದದ್ದು ಅಲ್ಲಿ. ಸೂಕ್ಷ್ಮದರ್ಶಕದ ಮುಂದೆ ಕುಳಿತು ಕೂದಲಿಗಿಂತ ತೆಳುವಾದ ತಂತಿ ಬೆಸೆದವರಲ್ಲಿ ಬಹುಪಾಲು ಹಳ್ಳಿಗಳಿಂದ ಬಂದ ಎಳೆಯ ಹೆಣ್ಣುಮಕ್ಕಳು, ಅನೇಕರು ಮಲಯಾ ಮುಸ್ಲಿಮ್ ಹುಡುಗಿಯರು. ಮನೆಗೆ ಹಣ ಕಳುಹಿಸಿ ತಮ್ಮಂದಿರನ್ನು ಓದಿಸಿದವರು. 1980ರ ದಶಕದ ಮಧ್ಯದಲ್ಲಿ ಚಿಪ್ ಉದ್ಯಮ ಹಿನ್ನಡೆ ಕಂಡಾಗ ಅವರಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ಯಂತ್ರದ ಸವಕಳಿಗೆ ಪುಸ್ತಕದಲ್ಲಿ ಒಂದು ಕಾಲಂ ಇದೆ, ಸೂಕ್ಷ್ಮದರ್ಶಕದಲ್ಲಿ ಸವೆದ ಕಣ್ಣಿಗೆ ಯಾವ ಕಾಲಂ?

2009ರ ಆರಂಭದಲ್ಲಿ ತೈವಾನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೆಲಸಗಾರರು ಸಂಬಳವಿಲ್ಲದ ರಜೆಯಲ್ಲಿದ್ದರು. ಚಿಪ್ ಕಾರ್ಖಾನೆಗಳ ಊರಾದ ಶಿಂಚುವಿನಲ್ಲೂ ಅದೇ ಸ್ಥಿತಿ. ವರ್ಷದ ಮೊದಲ ಮೂರು ತಿಂಗಳಲ್ಲಿ ಟಿಎಸ್ಎಂಸಿಯ ಮಾರಾಟ ಹಿಂದಿನ ವರ್ಷದ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಕಂಪೆನಿ ನೂರಾರು ಮಂದಿಯನ್ನು ಕೆಲಸದ ಗುಣಮಟ್ಟ ಸಾಲದೆಂಬ ಹೆಸರಿನಲ್ಲಿ ತೆಗೆದು ಹಾಕಿತು. ಕೆಲಸ ಹೋದದ್ದಲ್ಲದೆ ಸೋಮಾರಿಯೆಂಬ ಹಣೆಪಟ್ಟಿ ಬೇರೆ. ತೆಗೆದು ಹಾಕಲ್ಪಟ್ಟವರು ಪ್ರತಿಭಟನೆಗಿಳಿದರು. 1987ರಲ್ಲಿ ಕಂಪೆನಿ ಸ್ಥಾಪಿಸಿದ್ದ ಮೋರಿಸ್ ಚಾಂಗ್ ತಪ್ಪಾಯಿತೆಂದು ಒಪ್ಪಿ ಅವರನ್ನು ಮರಳಿ ಕೆಲಸಕ್ಕೆ ಕರೆದರು. ಆ ಜೂನಿನಲ್ಲಿ, 77ರ ವಯಸ್ಸಿನಲ್ಲಿ, ತಾವೇ ಮತ್ತೆ ಆಡಳಿತದ ಹೊಣೆ ಹೊತ್ತರು. ಎಲ್ಲರೂ ಖರ್ಚು ಕಡಿತ ಮಾಡುತ್ತಿದ್ದಾಗ ಅವರು ಯಂತ್ರಗಳ ಮೇಲಿನ ಖರ್ಚು ಹೆಚ್ಚಿಸಿದರು. 2010ರಲ್ಲಿ ಅದು ಸುಮಾರು 590 ಕೋಟಿ ಡಾಲರ್. ಆ ವರ್ಷ ಜಗತ್ತಿನ ಚಿಪ್ ಮಾರಾಟ ನೂರಕ್ಕೆ ಮೂವತ್ತಕ್ಕೂ ಹೆಚ್ಚು ಏರಿತು, ಸರಕು ಕೊಡಲು ಸಿದ್ಧರಾಗಿದ್ದವರು ಅವರೇ. ಕೈಯಲ್ಲಿ ಹಣ ಇದ್ದವರಿಗೆ ಮಾತ್ರ ಸಾಧ್ಯವಾಗುವ ಧೈರ್ಯ ಇದು ಎಂಬುದನ್ನೂ ಹೇಳಬೇಕು. ಸಾಲದ ಷರತ್ತಿನಲ್ಲಿ ಸಿಲುಕಿದ್ದ ಮಾಸ್ಕ್ ಕಂಪೆನಿಗೆ ಅಂತಹ ಆಯ್ಕೆ ಇರಲಿಲ್ಲ.

ಇನ್ನು ನಮ್ಮ ಬೆಂಗಳೂರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ಕಚೇರಿ ತೆರೆದಂದಿನಿಂದ ಚಿಪ್ ವಿನ್ಯಾಸದ ಕೆಲಸ ಇಲ್ಲಿ ಬೆಳೆಯುತ್ತಾ ಬಂದಿದೆ. ನಮ್ಮ ಮಕ್ಕಳು ಮಾಡುವುದು ಮದುವೆ ಕಾಗದದ ಚಿತ್ರ ಬಿಡಿಸುವ ಕೆಲಸ. ಚಿತ್ರ ಮುಗಿದು ಮಾಸ್ಕಿಗೆ ಹೋಗುವ ದಿನವನ್ನು ಅವರು ಟೇಪ್‌ಔಟ್ ಎನ್ನುತ್ತಾರೆ. ಹಿಂದೆ ಚಿತ್ರವನ್ನು ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿ ಕಳುಹಿಸುತ್ತಿದ್ದ ಕಾಲದ ಹೆಸರು ಅದು. ಅಂದರೆ ನಿಮ್ಮ ಮಗಳ ಕೆಲಸವೂ ಮಾಸ್ಕ್ ಮಾಡುವವರ ಕೆಲಸವೂ ಒಂದೇ ಹಗ್ಗದಲ್ಲಿ ಕಟ್ಟಿದ್ದು. ಆದ್ದರಿಂದ ಚಿಪ್ ಮಾರಾಟ ಇಳಿಯಿತೆಂಬ ಸುದ್ದಿ ಓದಿದ ದಿನ, ಕೆಲಸ ಹೋದೀತೇ ಮಗಳೇ ಎಂದು ಫೋನಿನಲ್ಲಿ ಅಳುವ ಬದಲು ಬೇರೊಂದು ಪ್ರಶ್ನೆ ಕೇಳಿ ನೋಡಿ: ನಿಮ್ಮಲ್ಲಿ ಈ ವರ್ಷದ ಟೇಪ್‌ಔಟ್‌ಗಳು ನಡೆಯುತ್ತಿವೆಯೇ, ಮುಂದೂಡಿದ್ದಾರೆಯೇ? ನಡೆಯುತ್ತಿದ್ದರೆ ಅದು ಗೋದಾಮು ತುಂಬಿದ ಹಿನ್ನಡೆ, 2023ರಂತಹದ್ದು. ಒಂದರ ಹಿಂದೆ ಒಂದು ರದ್ದಾಗುತ್ತಿದ್ದರೆ ಹಣದ ಬರ ಬಂದಿದೆ ಎಂದು ಅರ್ಥ. ಆಗ ಮನೆಸಾಲ, ಕಾರಿನ ಕಂತು ಎಂದು ಹೊಸ ಹೊರೆ ಹೊರಿಸದೆ ಮಗಳ ಕೈಯಲ್ಲಿ ಆರು ತಿಂಗಳ ಖರ್ಚು ಉಳಿಯುವಂತೆ ನೋಡಿಕೊಳ್ಳಿ. ತಾಯಿ ಟೇಪ್‌ಔಟ್ ಬಗ್ಗೆ ಕೇಳಿದರೆ ಅವಳು ಒಂದು ಕ್ಷಣ ತಬ್ಬಿಬ್ಬಾಗುವುದಂತೂ ಖಂಡಿತ.

ನಮ್ಮ ದೇಶದಲ್ಲಿ ಅಚ್ಚು ಹಾಕುವ ಕಾರ್ಖಾನೆಯ ಕೆಲಸವೂ ಶುರುವಾಗಿದೆ. ಗುಜರಾತಿನ ಧೊಲೇರಾದಲ್ಲಿ ಟಾಟಾದವರು ತೈವಾನಿನ ಪಿಎಸ್ಎಂಸಿಯ ತಂತ್ರಜ್ಞಾನದಲ್ಲಿ 91,000 ಕೋಟಿ ರೂಪಾಯಿಯ ಯೋಜನೆಗೆ 2024ರ ಮಾರ್ಚಿನಲ್ಲಿ ಶಿಲಾನ್ಯಾಸ ಮಾಡಿಸಿದರು. ಅಲ್ಲಿ ಮಾಡುವುದು 28 ನ್ಯಾನೋಮೀಟರ್ ಮತ್ತು ಅದಕ್ಕಿಂತ ಹಳೆಯ ತಲೆಮಾರಿನ ಚಿಪ್ಪುಗಳು ಎಂದು ಹೇಳಿದ್ದಾರೆ. ಹೊರಗಿನ ಮಾಸ್ಕ್ ತಯಾರಕರು ಬದುಕುವುದೇ ಇಂತಹ ತಲೆಮಾರುಗಳ ಕೆಲಸದಲ್ಲಿ. ಆರ್ಡರು ಕೊಟ್ಟರೆ ವಾರದಲ್ಲಿ ಸಿಗಬೇಕಾದ ಸರಕಾದ್ದರಿಂದ ಅವರು ಕಾರ್ಖಾನೆಗಳ ಹತ್ತಿರವೇ ನೆಲೆಸಲು ಇಷ್ಟಪಡುತ್ತಾರೆ. ಇಲ್ಲಿಗೂ ಬರುವರೇ? ಅವರು ಕಾರ್ಖಾನೆಯ ಗಾತ್ರವನ್ನಾಗಲೀ ಶಿಲಾನ್ಯಾಸದ ಫೋಟೋವನ್ನಾಗಲೀ ನೋಡಿ ಬರುವವರಲ್ಲ. ಇಲ್ಲಿ ಎಷ್ಟು ಮಂದಿ, ಎಷ್ಟು ಬಗೆಯ ಚಿತ್ರ ಬಿಡಿಸಿ ತಮ್ಮ ಸ್ವಂತ ಹೆಸರಿನಲ್ಲಿ ಅಚ್ಚಿಗೆ ಕೊಡುತ್ತಾರೆ ಎಂದು ಎಣಿಸುತ್ತಾರೆ. ಬೆಂಗಳೂರಿನಲ್ಲಿ ಇಂದಿಗೂ ಹೆಚ್ಚಿನ ಚಿತ್ರಗಳು ಹೊರದೇಶದ ಕಂಪೆನಿಗಳ ಹೆಸರಿನಲ್ಲೇ ಹೊರಟು, ಹೊರದೇಶದಲ್ಲೇ ಅಚ್ಚಾಗುತ್ತವೆ.